ಮೊದಲ ಸ್ಮೋಕರ್: ಕಡಿಮೆ ಬಜೆಟ್‌ನಲ್ಲಿ ಯಾವುದು ತಗೊಳ್ಳುವುದು?

ಹೊಸ_ಹೊಗೆ:
ಎಲ್ಲರಿಗೂ ನಮಸ್ಕಾರ. ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವುದನ್ನು ಕಲಿಯಬೇಕು ಅಂತ ತುಂಬಾ ದಿನದ ಆಸೆ. ಗ್ರಿಲ್ ಮೇಲೆ ಕೋಳಿ ಸುಡುವುದು ಬರುತ್ತದೆ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ಅದಕ್ಕೆ ಬಳಸುವ ಒಲೆ, ಅಂದರೆ ಸ್ಮೋಕರ್ ನೋಡೋಣ ಅಂತ ಹೊರಟರೆ ಆಫ್‌ಸೆಟ್, ಬುಲೆಟ್, ಎಲೆಕ್ಟ್ರಿಕ್, ಪೆಲೆಟ್, ಡ್ರಮ್ ಅಂತ ಸಾಲಾಗಿ ಇವೆ, ಒಂದೊಂದಕ್ಕೂ ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ತಲೆ ಕೆಟ್ಟು ಹೋಗಿದೆ.

ಕಣ್ಣಿಗೆ ಹಿಡಿಸಿರುವುದು ಆಫ್‌ಸೆಟ್. ಪಕ್ಕದಲ್ಲಿ ಬೆಂಕಿಗೂಡು, ಉದ್ದದ ಡಬ್ಬಿ, ತುದಿಯಲ್ಲಿ ಚಿಮಣಿ. ಅಗ್ಗದ್ದೂ ಸಿಗುತ್ತಿದೆ. ಮನೆಯಲ್ಲಿ ನಾಲ್ಕೈದು ಜನ, ರಜೆಯ ದಿನ ಮಾತ್ರ ಮಾಡುವುದು. ಬಜೆಟ್ ಕಡಿಮೆ, ಒಂದು ಸಲ ತಗೊಂಡರೆ ಕೆಲವು ವರ್ಷ ಬರಬೇಕು. ಏನು ಹೇಳುತ್ತೀರಿ?

ಇದ್ದಿಲು_ಬುಟ್ಟಿ:
ಅಗ್ಗದ ಆಫ್‌ಸೆಟ್ ಬೇಡ. ಆಫ್‌ಸೆಟ್ ಕೆಟ್ಟದ್ದು ಅಂತಲ್ಲ. ಸುಮಾರು 6 ಮಿಲಿಮೀಟರ್ ದಪ್ಪದ ಉಕ್ಕಿನಲ್ಲಿ ಮಾಡಿದ್ದು, ಸೌದೆ ಹಾಕಿ ಉರಿಸುವುದು, ಅದರ ರುಚಿಯೇ ಬೇರೆ, ನಾನೂ ಒಪ್ಪುತ್ತೇನೆ. ಆದರೆ ಅದು ಭಾರ, ದುಬಾರಿ. ಅಗ್ಗಕ್ಕೆ ಸಿಗುವುದು ಅದರ ಆಕಾರ ಮಾತ್ರ. ತೆಳು ತಗಡು ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ. ಗಾಳಿ ಬೀಸಿದರೆ ಇಳಿಯುತ್ತದೆ, ಒಂದು ಸೌದೆ ಹಾಕಿದರೆ ಜಿಗಿಯುತ್ತದೆ, ಬೆಂಕಿ ಪಕ್ಕದ ತುಂಡು ಸುಟ್ಟು ಹೋಗುತ್ತಿರುವಾಗ ಚಿಮಣಿ ಕಡೆಯದು ಇನ್ನೂ ಬೆಂದೇ ಇರುವುದಿಲ್ಲ. ಒಳ್ಳೆಯ ಆಫ್‌ಸೆಟ್‌ಗೇ ಮುಕ್ಕಾಲು ಗಂಟೆಗೊಮ್ಮೆ ಎದ್ದು ಸೌದೆ ಹಾಕಬೇಕು, ಅಗ್ಗದ್ದಕ್ಕೆ ಪಕ್ಕದಲ್ಲೇ ಕೂತಿರಬೇಕು.

ನಂಬಿಕೆ ಬರದಿದ್ದರೆ ಅಂಗಡಿಯಲ್ಲಿ ಹೀಗೆ ಮಾಡಿ ನೋಡಿ. ಫೋನಿನ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಳ ಹಾಕಿ, ಸುತ್ತ ಒಂದು ಸಲ ಬನ್ನಿ. ಮುಚ್ಚಳದ ಅಂಚಿನುದ್ದಕ್ಕೂ ಬೆಳಕಿನ ಗೆರೆ ಕಾಣಿಸಿದರೆ ಅಷ್ಟೂ ಕಡೆಯಿಂದ ಹೊಗೆ ಸೋರುತ್ತದೆ, ಗಾಳಿ ನುಗ್ಗುತ್ತದೆ. ಗಾಳಿಕಿಂಡಿ ಎಷ್ಟು ತಿರುಗಿಸಿದರೂ ಬೆಂಕಿ ನಿಮ್ಮ ಮಾತು ಕೇಳುವುದಿಲ್ಲ. ಬೆಂಕಿಗೂಡು ಡಬ್ಬಿಗೆ ಸೇರುವ ಜಾಗ, ಬೋಲ್ಟ್ ಹಾಕಿರುವ ಕಡೆ, ಅಲ್ಲೂ ನೋಡಿ.

ನಿಮಗೆ ನಾನು ಹೇಳುವುದು ಬುಲೆಟ್ ಸ್ಮೋಕರ್. ನಿಂತ ಸಿಲಿಂಡರ್, ಕೆಳಗೆ ಇದ್ದಿಲು, ನಡುವೆ ನೀರಿನ ತಟ್ಟೆ, ಮೇಲೆ ಮಾಂಸ ಇಡುವ ಜಾಲರಿ. ನೀರು ಎಷ್ಟೇ ಕಾದರೂ 100 ಡಿಗ್ರಿ ದಾಟುವುದಿಲ್ಲ, ಕುದಿದು ಆವಿಯಾಗುತ್ತಾ ಜಾಸ್ತಿ ಬಿಸಿಯನ್ನು ತಾನೇ ನುಂಗುತ್ತದೆ. ಅದಕ್ಕೇ ಹೊಸಬರ ಕೈಯಲ್ಲೂ ಬಿಸಿ ಒಂದೇ ಸಮ ನಿಲ್ಲುತ್ತದೆ. ವೆಬರ್‌ನವರ ಸ್ಮೋಕಿ ಮೌಂಟನ್ 1981ರಿಂದ ಇದೇ ನಮೂನೆಯಲ್ಲಿದೆ, 14, 18, 22 ಇಂಚು ಅಂತ ಮೂರು ಅಳತೆ. ನಾಲ್ಕೈದು ಜನಕ್ಕೆ 18 ಧಾರಾಳ. ಬೇರೆ ಕಂಪನಿಯದಾದರೂ ಪರವಾಗಿಲ್ಲ, ಮುಚ್ಚಳ ಬಿಗಿಯಾಗಿ ಕೂರಬೇಕು, ಕೆಳಗಿನ ಕಿಂಡಿ ಸಲೀಸಾಗಿ ತಿರುಗಬೇಕು, ಅಷ್ಟೇ.

ಹಚ್ಚುವುದೂ ಸುಲಭ. ಬುಟ್ಟಿ ತುಂಬ ಹಚ್ಚದ ಇದ್ದಿಲು ಸುರಿದು, ಚೆನ್ನಾಗಿ ಕೆಂಡವಾದ ಹತ್ತು ಹದಿನೈದು ತುಂಡನ್ನು ಮೇಲೆ ಹಾಕಿ. ಬೆಂಕಿ ಮೇಲಿಂದ ಕೆಳಗೆ ನಿಧಾನಕ್ಕೆ ಹಿಡಿಯುತ್ತಾ ಹೋಗುತ್ತದೆ, ಗಂಟೆಗಟ್ಟಲೆ ಮುಟ್ಟಬೇಕಾಗಿಲ್ಲ.

ಕೆಟಲ್_ಪ್ರಿಯ:
ತಗೊಳ್ಳುವ ಮೊದಲು ಒಂದು ಪ್ರಶ್ನೆ. ನಿಮ್ಮ ಗ್ರಿಲ್‌ಗೆ ಮುಚ್ಚಳ ಇದೆಯಾ? ಗುಂಡಗಿನ ಕೆಟಲ್ ಗ್ರಿಲ್ ಆಗಿದ್ದರೆ ಏನೂ ತಗೊಳ್ಳಬೇಡಿ, ಅದೇ ಸ್ಮೋಕರ್ ಆಗುತ್ತದೆ.

ಒಳಗೋಡೆಗೆ ಒತ್ತಿ ಬ್ರಿಕೆಟ್‌ಗಳನ್ನು (ಇದ್ದಿಲ ಪುಡಿ ಒತ್ತಿ ಮಾಡಿದ ಬಿಲ್ಲೆಗಳು) ಎರಡೆರಡಾಗಿ, ಅದರ ಮೇಲೆ ಮತ್ತೆ ಎರಡೆರಡಾಗಿ, ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಜೋಡಿಸಿ. ಹಾವು ಮಲಗಿದ ಹಾಗೆ ಕಾಣುತ್ತದೆ. ಅಲ್ಲಲ್ಲಿ ಮರದ ತುಂಡು ಇಟ್ಟು ಒಂದು ತುದಿಗೆ ಮಾತ್ರ ಕೆಂಡ ಹಾಕಿ. ಒಂದರಿಂದ ಒಂದಕ್ಕೆ ಹತ್ತಿಕೊಂಡು ಹೋಗುತ್ತದೆ. ಬೆಂಕಿ ಇಲ್ಲದ ಕಡೆ ಮಾಂಸ, ಅದರ ಕೆಳಗೆ ನೀರಿನ ತಟ್ಟೆ. ಇದಕ್ಕೆ ಅಂಕುಡೊಂಕು ತುಂಡುಗಳ ಮರದ ಇದ್ದಿಲಿಗಿಂತ ಒಂದೇ ಅಳತೆಯ ಬ್ರಿಕೆಟ್ಟೇ ವಾಸಿ, ಸಾಲು ನಡುವೆ ಕಡಿಯುವುದಿಲ್ಲ. ಜಾಗ ಕಡಿಮೆ ಅನ್ನುವುದು ಒಂದೇ ತೊಂದರೆ, ದೊಡ್ಡ ತುಂಡು ಒಂದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ನಿಮ್ಮ ಗ್ರಿಲ್‌ಗೆ ಮುಚ್ಚಳ ಇಲ್ಲದಿದ್ದರೂ ಹೊಸದಾಗಿ ಕೆಟಲ್ ತಗೊಳ್ಳುವುದರಲ್ಲಿ ಲಾಭ ಇದೆ. ಸುಡುವುದಕ್ಕೂ ಆಯಿತು, ಹೊಗೆಗೂ ಆಯಿತು.

ರಾತ್ರಿಪಾಳಿ:
ಎಲ್ಲರೂ ಇದ್ದಿಲು ಇದ್ದಿಲು ಅಂತೀರಿ, ಎಲೆಕ್ಟ್ರಿಕ್ ಪರವಾಗಿ ಯಾರಾದರೂ ಮಾತಾಡಬೇಕಲ್ಲ. ಚಿಕ್ಕ ಮಕ್ಕಳಿರುವ ಮನೆ, ಕೈಯಲ್ಲಿ ನೂರೆಂಟು ಕೆಲಸ, ಬೆಂಕಿ ಕಾಯುವುದಕ್ಕೆ ಪುರುಸೊತ್ತಿಲ್ಲ ಅನ್ನುವವರಿಗೆ ಅದೇ ಸರಿ. ಡಿಗ್ರಿ ಒತ್ತಿ, ತಟ್ಟೆಗೆ ಮರದ ಚೂರು ಹಾಕಿ, ನಿಮ್ಮ ಪಾಡಿಗೆ ನೀವಿರಬಹುದು. ಬೆಲೆಯೂ ಹಿಡಿತದಲ್ಲಿರುತ್ತದೆ.

ಕೊರತೆಯನ್ನೂ ಹೇಳಬೇಕು. ಹೊಗೆಯ ರುಚಿ ಮೆದುವಾಗಿರುತ್ತದೆ. ಮಾಂಸದ ಅಂಚಿನಲ್ಲಿ ಬರುವ ಗುಲಾಬಿ ಬಣ್ಣದ ಉಂಗುರ ಸರಿಯಾಗಿ ಬರುವುದಿಲ್ಲ, ಯಾಕೆಂದರೆ ಅದು ಬರುವುದು ಉರಿಯುವ ಬೆಂಕಿಯಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿದಾಗ. ಕಾಯಿಲ್‌ನ ಬಿಸಿಯಲ್ಲಿ ಚೂರು ಸುಮ್ನೆ ಹೊಗೆಯಾಡುತ್ತದೆ ಅಷ್ಟೇ. ಉಂಗುರಕ್ಕೆ ರುಚಿ ಇಲ್ಲ, ಬರೀ ನೋಟ, ಆದ್ದರಿಂದ ಅದಕ್ಕಾಗಿ ಬೇಜಾರು ಮಾಡಿಕೊಳ್ಳಬೇಡಿ. ಕೋಳಿಯ ಚರ್ಮ ಮಾತ್ರ ರಬ್ಬರ್ ಆಗುತ್ತದೆ, ಕೊನೆಯಲ್ಲಿ ಗ್ರಿಲ್ ಮೇಲೆ ಜೋರು ಉರಿಗೆ ಹಿಡಿಯಬೇಕು. ಮಳೆಯಲ್ಲಿ ಇಡುವ ಹಾಗಿಲ್ಲ.

ಪೆಲೆಟ್ ಸ್ಮೋಕರ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆ ಉರಿಸುವುದು, ಅದರ ಬಗ್ಗೆ ಕೇಳಿದರೆ, ಕಡಿಮೆ ಬಜೆಟ್‌ಗೆ ಅದು ಬೇಡ. ಟ್ರೇಗರ್‌ನವರಿಗೆ 1986ರಲ್ಲಿ ಪೇಟೆಂಟ್ ಸಿಕ್ಕ ವಸ್ತು ಅದು, ಈಗ ತುಂಬಾ ಕಂಪನಿಗಳು ಮಾಡುತ್ತವೆ, ಅನುಕೂಲವೂ ಹೌದು. ಆದರೆ ಒಳಗೆ ಮೋಟರ್, ಫ್ಯಾನು, ಕಂಟ್ರೋಲರ್ ಎಲ್ಲ ಇದೆ, ಅಗ್ಗದ್ದರಲ್ಲಿ ಮೊದಲು ಕೈ ಕೊಡುವುದೇ ಅವು. ಪೆಲೆಟ್ ತೇವವಾದರೆ ಹಿಟ್ಟಾಗಿ ಊದಿಕೊಂಡು ದಾರಿ ಕಟ್ಟುತ್ತದೆ.

ಹೊಸ_ಹೊಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನ ಗ್ರಿಲ್‌ಗೆ ಮುಚ್ಚಳ ಇಲ್ಲ. ಬೆಂಕಿ ಜೊತೆ ಕೂರುವುದು ನನಗೆ ಇಷ್ಟವೇ, ಆದ್ದರಿಂದ ಎಲೆಕ್ಟ್ರಿಕ್ ಬೇಡ. ಟಾರ್ಚ್ ಪರೀಕ್ಷೆ ಮಾಡಿಯೇಬಿಟ್ಟೆ. ಆ ಆಫ್‌ಸೆಟ್‌ನ ಮುಚ್ಚಳದ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು! ಹಾಗಾಗಿ ಬುಲೆಟ್ ಅಂತ ಮನಸ್ಸು ಮಾಡಿದ್ದೇನೆ. ಇನ್ನೆರಡು ಅನುಮಾನ. ಮುಚ್ಚಳದ ಮೇಲೆಯೇ ಥರ್ಮಾಮೀಟರ್ ಇದೆ, ಬೇರೆ ಬೇಕಾ? ಮರ ಯಾವುದು, ಎಷ್ಟು ಹಾಕಬೇಕು, ನೀರಲ್ಲಿ ನೆನೆಸಬೇಕಾ?

ಇದ್ದಿಲು_ಬುಟ್ಟಿ:
ಥರ್ಮಾಮೀಟರ್ ಬೇಕೇ ಬೇಕು. ಇದಕ್ಕೆ ದುಡ್ಡು ಸಾಲದಿದ್ದರೆ ಸ್ಮೋಕರ್‌ನಲ್ಲೇ ಒಂದು ಮೆಟ್ಟಿಲು ಇಳಿಯಿರಿ, ಥರ್ಮಾಮೀಟರ್ ಬಿಡಬೇಡಿ. ಮುಚ್ಚಳದ ಮೇಲಿನದು ಗುಮ್ಮಟದ ಬಿಸಿ ತೋರಿಸುತ್ತದೆ, ಮಾಂಸ ಇರುವುದು ಕೆಳಗೆ ಜಾಲರಿಯಲ್ಲಿ. ಅಗ್ಗದ ಡಯಲ್‌ಗಳು ತಪ್ಪು ತೋರಿಸುವುದೂ ಮಾಮೂಲಿ. ಎರಡು ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಇರುವ ಡಿಜಿಟಲ್ ತಗೊಳ್ಳಿ, ಒಂದು ಜಾಲರಿಗೆ, ಇನ್ನೊಂದು ಮಾಂಸದ ಒಳಕ್ಕೆ. ಬಂದ ದಿನವೇ ಪರೀಕ್ಷೆ ಮಾಡಿ. ಲೋಟದ ತುಂಬ ಐಸ್ ಹಾಕಿ ನೀರು ಸುರಿದು, ಕಲಸಿ, ಪ್ರೋಬ್ ತುದಿ ತಳ ಮುಟ್ಟದ ಹಾಗೆ ನಡುವೆ ಹಿಡಿಯಿರಿ. 0 ತೋರಿಸಬೇಕು. ಎರಡು ಡಿಗ್ರಿ ಜಾಸ್ತಿ ತೋರಿಸಿದರೆ ಅಷ್ಟು ಕಳೆದು ಓದಿಕೊಳ್ಳಿ, ಅದಕ್ಕಿಂತ ದೂರ ಇದ್ದರೆ ವಾಪಸ್ ಕೊಡಿ.

ಸ್ಮೋಕರ್ ಒಳಗೆ 107ರಿಂದ 121 ಡಿಗ್ರಿ ಸೆಲ್ಸಿಯಸ್, ಅಂದರೆ 225ರಿಂದ 250 ಫ್ಯಾರನ್‌ಹೀಟ್, ಇದರ ನಡುವೆ ಎಲ್ಲಿದ್ದರೂ ಸರಿ. ಐದು ಡಿಗ್ರಿ ಆಚೀಚೆ ಆದರೆ ಕಿಂಡಿ ಮುಟ್ಟಲು ಓಡಬೇಡಿ. ಮೇಲಿನ ಕಿಂಡಿ ಪೂರ್ತಿ ತೆರೆದಿರಲಿ, ಕೆಳಗಿನದರಿಂದ ಮಾತ್ರ ಬಿಸಿ ಹಿಡಿತಕ್ಕೆ ತನ್ನಿ. ಮೇಲೆ ಮುಚ್ಚಿದರೆ ಹೊಗೆ ಒಳಗೇ ನಿಂತು ಮಾಂಸದ ಮೇಲೆ ಕಹಿ ಕೂರುತ್ತದೆ.

ಮರ ಗಟ್ಟಿ ಜಾತಿಯದು, ಒಣಗಿದ್ದು. ಓಕ್, ಸೇಬು, ಚೆರ್ರಿ ಯಾವುದಾದರೂ ಆದೀತು. ಪೈನ್ ಥರದ ಅಂಟು ಸುರಿಯುವ ಮರ ಬೇಡ, ಬಣ್ಣ ಬಳಿದಿದ್ದು, ಔಷಧ ಹೊಡೆದ ಹಲಗೆ ಮುಟ್ಟಲೇಬೇಡಿ. ಮುಷ್ಟಿ ಗಾತ್ರದ ಮೂರು ನಾಲ್ಕು ತುಂಡು ಇಡೀ ಅಡುಗೆಗೆ ಸಾಕು. ನೆನೆಸುವುದು ಬೇಡ, ಮರದೊಳಗೆ ನೀರು ಇಳಿಯುವುದೇ ಕಡಿಮೆ, ಇಳಿದಷ್ಟೂ ಮೊದಲು ಆವಿಯಾಗಿ ಹೋಗಬೇಕು.

ಮುಖ್ಯವಾಗಿ ಹೊಗೆಯ ಬಣ್ಣ ನೋಡುವುದು ಕಲಿಯಿರಿ. ಹಚ್ಚಿದ ಹೊಸದರಲ್ಲಿ ಬಿಳಿ ಹೊಗೆ ದಟ್ಟವಾಗಿ ಉರುಳುತ್ತದೆ, ಕಣ್ಣು ಉರಿಯುತ್ತದೆ. ಆಗ ಮಾಂಸ ಇಡಬೇಡಿ. ಸ್ವಲ್ಪ ಹೊತ್ತಿಗೆ ಅದು ತೆಳುವಾಗಿ, ಹಿನ್ನೆಲೆಯಲ್ಲಿ ಕಪ್ಪು ಏನಾದರೂ ಇದ್ದರೆ ಮಾತ್ರ ಕಾಣುವಷ್ಟು ನೀಲಿಯಾಗುತ್ತದೆ. ಇಡುವ ಹೊತ್ತು ಅದು. ಜಾಸ್ತಿ ಹೊಗೆ ಅಂದರೆ ಜಾಸ್ತಿ ರುಚಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದು ನಿಜವಲ್ಲ, ನಾಲಿಗೆ ಮರಗಟ್ಟುತ್ತದೆ.

ಹೊಸ ಸ್ಮೋಕರ್‌ನಲ್ಲಿ ಮೊದಲು ಖಾಲಿ ಉರಿಸಿ, ಎರಡು ಮೂರು ಗಂಟೆ. ಕಾರ್ಖಾನೆಯ ಎಣ್ಣೆ ಎಲ್ಲ ಹೋಗಲಿ.

ಕೆಟಲ್_ಪ್ರಿಯ:
ಮೊದಲ ಅಡುಗೆಗೆ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಮಾಂಸ, ಹಾಕಬೇಡಿ. ದುಬಾರಿ, ಸ್ವಲ್ಪ ತಪ್ಪಿದರೂ ಒಣಗುತ್ತದೆ. ಹಂದಿಯ ಭುಜದ ತುಂಡು ಹಾಕಿ, ಅದರಲ್ಲಿ ಕೊಬ್ಬು ಇದೆ, ನಾರು ಇದೆ, ಹೆಚ್ಚುಕಡಿಮೆ ಆದರೂ ತಡೆದುಕೊಳ್ಳುತ್ತದೆ. ಒಳಗೆ 93ರಿಂದ 96 ಡಿಗ್ರಿ ಬಂದಾಗ ನಾರು ಕರಗಿ ಕೈಯಲ್ಲೇ ಬಿಡಿಸಬಹುದು. ಒಂದು ವಿಷಯ ಮೊದಲೇ ಗೊತ್ತಿರಲಿ. 65-70 ಡಿಗ್ರಿ ಹತ್ತಿರ ಮಾಂಸದ ಬಿಸಿ ಏರದೆ ನಿಂತುಬಿಡುತ್ತದೆ, ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಬೆಂಕಿ ಕೆಟ್ಟಿತು ಅಂತ ಇದ್ದಿಲು ಸುರಿಯಬೇಡಿ. ಮಾಂಸದ ಮೇಲಿನ ನೀರು ಆರುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ, ಬೆವರು ಆರಿದಾಗ ಮೈ ತಣ್ಣಗಾಗುತ್ತದಲ್ಲ, ಅದೇ. ಅವಸರ ಇದ್ದರೆ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಕಾಯಿರಿ. ಕೋಳಿ ಮಾಡಿದರೆ ದಪ್ಪ ಭಾಗದಲ್ಲಿ 74 ಬರಲೇಬೇಕು.

ತುಕ್ಕು_ತಜ್ಞ:
ಬಜೆಟ್ ಕಡಿಮೆ ಅಂದರೆ ಹಳೆಯದನ್ನೂ ನೋಡಿ ಸಾರ್. ಎರಡು ಸಲ ಉರಿಸಿ ಮೂಲೆಗೆ ಹಾಕಿದವರು ಎಲ್ಲ ಕಡೆ ಇರುತ್ತಾರೆ. ಮೇಲುಮೇಲಿನ ತುಕ್ಕಿಗೆ ಹೆದರಬೇಡಿ, ಉಜ್ಜಿ ಎಣ್ಣೆ ಸವರಿದರೆ ಆಯಿತು. ತಳ ಬಗ್ಗಿ ನೋಡಿ, ಬೂದಿಯ ಜೊತೆ ನೀರು ನಿಂತು ತೂತು ಬಿದ್ದಿದ್ದರೆ ಬಿಟ್ಟುಬಿಡಿ. ಬೆರಳಿಂದ ಒತ್ತಿದಾಗ ತಗಡು ಕುಸಿದರೂ ಅಷ್ಟೇ. ಮುಚ್ಚಳ ವಕ್ರವಾಗಿದ್ದರೆ ಅಂಚಿಗೆ ಬಿಸಿ ತಡೆಯುವ ಗ್ಯಾಸ್ಕೆಟ್ ಪಟ್ಟಿ ಅಂಟಿಸಬಹುದು. ಡ್ರಮ್‌ನಿಂದ ತಾವೇ ಮಾಡಿದ್ದು ಮಾರುವವರಿದ್ದರೆ ಅದರಲ್ಲಿ ಮೊದಲು ಏನು ತುಂಬಿದ್ದರು ಅಂತ ಕೇಳಿ, ಉತ್ತರ ಸರಿಯಾಗಿ ಬರದಿದ್ದರೆ ಬೇಡ. ಸತುವಿನ ಲೇಪ ಇದ್ದರೂ ಬೇಡ, ಜೋರು ಬಿಸಿಯಲ್ಲಿ ಅದರ ಹೊಗೆ ವಿಷ.

ಇನ್ನೊಂದು, ಯಾರೂ ಹೇಳಲಿಲ್ಲ. ಇದ್ದಿಲಿನ ಸ್ಮೋಕರ್ ಬಯಲಲ್ಲೇ ಇರಲಿ. ಮಳೆ ಬಂತು ಅಂತ ಗ್ಯಾರೇಜ್ ಒಳಗೆ, ಬಾಗಿಲು ತೆರೆದಿದ್ದರೂ, ಎಳೆದುಕೊಳ್ಳಬೇಡಿ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ವಿಷ, ಅದಕ್ಕೆ ವಾಸನೆಯೂ ಇಲ್ಲ. ಮುಗಿದ ಮೇಲೆ ಕಿಂಡಿ ಎಲ್ಲ ಮುಚ್ಚಿಬಿಡಿ, ಬೆಂಕಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಬೂದಿ ಮಾತ್ರ ಮರುದಿನ ತೆಗೆಯಿರಿ, ಅದೂ ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೆ. ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತದೆ.

ಹೊಸ_ಹೊಗೆ:
ಹಳೆಯ 18 ಇಂಚಿನ ಬುಲೆಟ್ ಒಂದು ಸಿಗುವ ಹಾಗಿದೆ, ತಳ ಗಟ್ಟಿ ಇದೆ, ನೀರಿನ ತಟ್ಟೆ ಮಾತ್ರ ಇಲ್ಲ. ಅಳತೆಗೆ ಸರಿಹೊಂದುವ ಯಾವುದಾದರೂ ಲೋಹದ ತಟ್ಟೆ ಇಟ್ಟರೆ ನಡೆಯುತ್ತದಾ?

ಇದ್ದಿಲು_ಬುಟ್ಟಿ:
ನಡೆಯುತ್ತದೆ. ಸ್ಟೀಲಿನದಾಗಿರಲಿ, ಸುತ್ತ ಎರಡು ಬೆರಳು ಜಾಗ ಬಿಡಿ, ಹೊಗೆ ಮೇಲೆ ಬರಬೇಕಲ್ವಾ. ಉಳಿದ ದುಡ್ಡಿಗೆ ಥರ್ಮಾಮೀಟರ್ ತಗೊಳ್ಳಿ.