ಸಹಾಯ ಬೇಕು: ಬ್ಲೂಬರ್ಡ್ ಗೂಡಿಗೆ ಗುಬ್ಬಚ್ಚಿ ಕಾಟ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಮನೆ ಹತ್ತಿರದ ಗಾಲ್ಫ್ ಕೋರ್ಸ್‌ನಲ್ಲಿ ಬ್ಲೂಬರ್ಡ್ ಅನ್ನೋ ಪುಟ್ಟ ನೀಲಿ ಹಕ್ಕಿಗಳು ಗೂಡು ಕಟ್ಟಲಿ ಅಂತ 8 ಮರದ ಪೆಟ್ಟಿಗೆ ಇಟ್ಟಿದ್ದಾರೆ. ವಾರಕ್ಕೊಮ್ಮೆ ತೆರೆದು ನೋಡುವ ಕೆಲಸ ಈ ವರ್ಷ ನನ್ನದು. ಏಳು ಆರಾಮಾಗಿವೆ. ತಲೆನೋವು ಕ್ಲಬ್‌ಹೌಸ್ ಪಕ್ಕದ್ದು. ಜನ ತಿಂದು ಉದುರಿಸುವ ಬನ್ ಚೂರಿಗೆ ಅಲ್ಲಿ ಗುಬ್ಬಚ್ಚಿಗಳ ಹಿಂಡೇ ಇದೆ.

ಮೂರು ಸಲ ನಾನೇ ಆ ಪೆಟ್ಟಿಗೆಯಿಂದ ಗುಬ್ಬಿ ಗೂಡು ಕಿತ್ತು ಹಾಕಿದೆ. ಒಣಹುಲ್ಲು, ಪುಕ್ಕ, ಜೊತೆಗೆ ಸ್ಟ್ರಾ ಸುತ್ತಿದ್ದ ಕಾಗದ ಬೇರೆ! ಎರಡೇ ದಿನಕ್ಕೆ ಮತ್ತೆ ರೆಡಿ. ಬೆಂಗಳೂರಲ್ಲಿ ಗುಬ್ಬಚ್ಚಿ ಕಾಣಲ್ಲ ಅಂತ ಕೊರಗಿದವಳು ನಾನೇ. ಇಲ್ಲಿ ಅದು ಯುರೋಪಿನಿಂದ ತಂದು ಬಿಟ್ಟ ಹಕ್ಕಿ. ಬ್ಲೂಬರ್ಡ್ ಮೊಟ್ಟೆ ಒಡೆಯುತ್ತದೆ, ಕಾವಿಗೆ ಕೂತ ತಾಯಿಯನ್ನೂ ಕುಕ್ಕಿ ಕೊಲ್ಲುತ್ತದೆ. ಪೆಟ್ಟಿಗೆಯ ತೂತು ಚಿಕ್ಕದು ಮಾಡೋಣ ಅಂದ್ರೆ, 1.5 ಇಂಚು ಬ್ಲೂಬರ್ಡ್‌ಗೆ ಬೇಕೇ ಬೇಕು. ಗುಬ್ಬಿ ಅದಕ್ಕಿಂತ ಸಣ್ಣದರಲ್ಲೂ ತೂರುತ್ತದೆ.

ಅಂತೂ ಕಳೆದ ವಾರ ಒಂದು ಬ್ಲೂಬರ್ಡ್ ಜೋಡಿ ಬಂತು. ನಿನ್ನೆ ನೋಡಿದರೆ ಎರಡು ತಿಳಿನೀಲಿ ಮೊಟ್ಟೆ. ಇನ್ನು ಪೆಟ್ಟಿಗೆ ಸಾಗಿಸುವ ಹಾಗಿಲ್ಲ, ಮೊಟ್ಟೆಯಿರುವ ಗೂಡು ಎತ್ತುವುದು ಇಲ್ಲಿ ಕಾನೂನಿಗೆ ವಿರುದ್ಧ. ಪೆಟ್ಟಿಗೆ ಮೇಲೆ ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಇಳಿಬಿಟ್ಟರೆ ಗುಬ್ಬಿ ಹೆದರುತ್ತದಂತೆ. ಮೊದಲ ಮೊಟ್ಟೆ ಬಂದ ಮೇಲೇ ಕಟ್ಟಬೇಕಂತೆ. ಆದರೆ ಈ ಬ್ಲೂಬರ್ಡ್ ಇನ್ನೂ ಕಾವಿಗೆ ಕೂತಿಲ್ಲ. ತಾಯಿಯೇ ಹೆದರಿ ಹೋಗಿಬಿಟ್ಟರೆ?

ಪಟ್ಟಿ ಈಗಲೇ ಕಟ್ಟಲಾ, ಕಾವಿಗೆ ಕೂರುವವರೆಗೆ ಕಾಯಲಾ? ಕಟ್ಟಿ ನೋಡಿದವರು ದಯವಿಟ್ಟು ಹೇಳಿ. ನಾಳೆ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದೇನೆ.