ಪಿಜಿ ಕೆಳಗಿನ ಪಟಾಕಿ ಮಳಿಗೆ: ಭಾನುವಾರ ಏಳಕ್ಕೆ ಹೊಂಗೆ ಮರದ ಹತ್ತಿರ ಬನ್ನಿ

3ನೇ ಕ್ರಾಸ್, ಪಿಜಿ ಎದುರು ಮನೆ:
ಲೇಔಟ್ ಗುಂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹತ್ತೂವರೆಗೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಎದುರಿನ ಪಿಜಿ ಕೆಳಗಿನ ಮಳಿಗೆ ಮುಂದೆ ಟೆಂಪೊ ನಿಲ್ಲಿಸಿ ಬಾಕ್ಸ್ ಇಳಿಸುತ್ತಿದ್ದರು. ಮೂವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಎಲ್ಲ ಪಟಾಕಿ. ಶಟರ್ ಎಳೆದು ಬೀಗ ಹಾಕಿಕೊಂಡು ಹೋದರು.

ಮೇಲೆ ಮೂರು ಮಹಡಿ ಹುಡುಗಿಯರು ಇದ್ದಾರೆ. ಇಳಿಯಲು ಒಂದೇ ಮೆಟ್ಟಿಲು, ಅದು ಬಂದು ಸೇರುವುದು ಆ ಶಟರ್ ಪಕ್ಕಕ್ಕೇ. ಈ ಕಡೆ ನಾಲ್ಕು ಹೆಜ್ಜೆ ದೂರದಲ್ಲಿ ಚಾಟ್ಸ್ ಗಾಡಿ, ಅದರ ಕೆಳಗೆ ಸಿಲಿಂಡರ್. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅತ್ತಿಬೆಲೆಯ ಪಟಾಕಿ ಅಂಗಡಿಗೆ ಬೆಂಕಿ ಬಿದ್ದದ್ದು ನೆನಪಿದೆ ಅಲ್ವಾ? 2023ರ ಅಕ್ಟೋಬರ್ 7. ಅಲ್ಲೂ ಹೀಗೇ, ಅಂಗಡಿ ಗೋದಾಮು ಎರಡೂ ಒಂದೇ ಕಡೆ, ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು. ಹದಿನಾಲ್ಕಕ್ಕೂ ಜಾಸ್ತಿ ಜನ ಸುಟ್ಟು ಸತ್ತರು. ಅವರಲ್ಲಿ ತುಂಬಾ ಜನ ತಮಿಳುನಾಡಿನ ಹುಡುಗರು. ಓದುವ ಮಕ್ಕಳು, ಸೀಸನ್‌ನಲ್ಲಿ ನಾಲ್ಕು ಕಾಸು ದುಡಿದುಕೊಂಡು ಹೋಗೋಣ ಅಂತ ಬಂದವರು.

ಸುಮ್ನೆ ಇಲ್ಲಿ ಬರೆದು ಬಿಡೋದು ಬೇಡ. ಭಾನುವಾರ ಬೆಳಿಗ್ಗೆ ಏಳಕ್ಕೆ ಹಾಲಿನ ಬೂತ್ ಪಕ್ಕದ ಹೊಂಗೆ ಮರದ ಹತ್ತಿರ ಸೇರೋಣ.

5ನೇ ಕ್ರಾಸ್, ಮಹಡಿ ಮನೆ:
ಮೇಡಂ, ನಾನು ಬರುತ್ತೇನೆ. ಆದರೆ ಒಂದು ಮಾತು. ಆ ಮಳಿಗೆಯವರ ಹತ್ತಿರ ನಾವು ಪಟಾಕಿ ಚೀಟಿ ಹಾಕಿದ್ದೇವೆ. ತಿಂಗಳಿಗೆ 300 ರೂಪಾಯಿ, ಹತ್ತು ತಿಂಗಳು ಕಟ್ಟಿದ್ದೇವೆ, ಹಬ್ಬಕ್ಕೆ ಪಟಾಕಿ ಕೊಡಬೇಕು. ನಮ್ಮ ಲೇಔಟಿನಲ್ಲೇ ನಲವತ್ತು ಮನೆಯಾದರೂ ಕಟ್ಟಿರಬೇಕು, ನಮ್ಮ ಕೆಲಸದಾಕೆ ಕೂಡ ಕಟ್ಟಿದ್ದಾಳೆ. ಪೊಲೀಸರು ಬಂದು ಸೀಲ್ ಮಾಡಿದರೆ ಆ ದುಡ್ಡು ಯಾರು ಕೊಡುತ್ತಾರೆ?

2ನೇ ಕ್ರಾಸ್, ಮೂಲೆ ಮನೆ:
ವರ್ಷಕ್ಕೊಂದು ಹಬ್ಬ. ಅದಕ್ಕೂ ಅಡ್ಡಿ ಮಾಡಿದರೆ ಹೇಗೆ? ನಮ್ಮ ಕಾಲದಲ್ಲಿ ನರಕ ಚತುರ್ದಶಿ ದಿನ ನಾಲ್ಕಕ್ಕೇ ಎದ್ದು, ಎಣ್ಣೆ ಸ್ನಾನ ಮುಗಿಸಿ, ಬೀದಿಯಲ್ಲಿ ಮೊದಲ ಪಟಾಕಿ ಯಾರು ಹೊಡೆಯುತ್ತಾರೆ ಅಂತ ಪೈಪೋಟಿ ಇತ್ತು. ನನ್ನ ಮೊಮ್ಮಕ್ಕಳಿಗೆ ಆ ಖುಷಿ ಬೇಡವೇ? ಇವತ್ತು ಅಂಗಡಿ ಎನ್ನುತ್ತೀರಿ, ನಾಳೆ ಸುರುಸುರು ಬತ್ತಿಯನ್ನೂ ಹಚ್ಚಬೇಡಿ ಎನ್ನುತ್ತೀರಿ.

3ನೇ ಕ್ರಾಸ್, ಪಿಜಿ ಎದುರು ಮನೆ:
ಅಂಕಲ್, ಹಬ್ಬ ಬೇಡ ಎಂದು ನಾನು ಹೇಳಿಲ್ಲ. ನಮ್ಮ ಮನೆಯಲ್ಲೂ ಹೂಕುಂಡ, ಭೂಚಕ್ರ ಹಚ್ಚುತ್ತೇವೆ. ಮಳಿಗೆ ಇರುವ ಜಾಗ ಸರಿಯಿಲ್ಲ, ನನ್ನ ತಕರಾರು ಅದು. ಇನ್ನೊಂದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ: ರಾಕೆಟ್, ಆಟಂ ಬಾಂಬ್, ಆಕಾಶಕ್ಕೆ ಹೋಗಿ ಸಿಡಿಯುವ ದೊಡ್ಡ ಬಾಕ್ಸ್‌ಗಳು, ಇವನ್ನು ದುಡ್ಡು ಕೊಟ್ಟವರಿಗೆಲ್ಲ ಮಾರುವುದು ತಪ್ಪು ಅಂತ ನನಗೆ ಅನಿಸುತ್ತದೆ. ಕಲಿತವರು ಹಚ್ಚಲಿ, ನಾವೆಲ್ಲ ನಿಂತು ನೋಡೋಣ.

1ನೇ ಕ್ರಾಸ್, ಸ್ಟೇಷನರಿ ಅಂಗಡಿ:
ನಾನು ಆರು ವರ್ಷ ದೀಪಾವಳಿಗೆ ಮೈದಾನದಲ್ಲಿ ಪಟಾಕಿ ಸ್ಟಾಲ್ ಹಾಕಿದವನು, ಅದಕ್ಕೇ ಹೇಳುತ್ತೇನೆ. ಈ ಮಳಿಗೆಗೆ ಲೈಸೆನ್ಸ್ ಇರಲು ಸಾಧ್ಯವೇ ಇಲ್ಲ. ಹಬ್ಬದ ತಾತ್ಕಾಲಿಕ ಸ್ಟಾಲ್‌ಗಳಿಗೆ 2008ರ ಸ್ಫೋಟಕ ನಿಯಮಗಳಲ್ಲಿ ಎಲ್ಲವನ್ನೂ ಬರೆದಿದ್ದಾರೆ. ಶೆಡ್ಡನ್ನು ಬೆಂಕಿ ಹಿಡಿಯದ ವಸ್ತುವಿನಿಂದ ಕಟ್ಟಬೇಕು, ತಗಡು ಶೀಟ್ ಅಂದುಕೊಳ್ಳಿ. ಶೆಡ್ಡಿಂದ ಶೆಡ್ಡಿಗೆ ಕನಿಷ್ಠ 3 ಮೀಟರ್. ವಾಸದ ಮನೆಯಂಥ ಕಟ್ಟಡದಿಂದ 50 ಮೀಟರ್. ಎದುರುಬದುರು ಇಡುವಂತಿಲ್ಲ, ಯಾಕೆಂದರೆ ಒಂದರಿಂದ ಹಾರಿದ ರಾಕೆಟ್ ನೇರ ಎದುರಿನದಕ್ಕೆ ನುಗ್ಗುತ್ತದೆ. ಒಳಗೆ ಎಣ್ಣೆ ದೀಪ, ಗ್ಯಾಸ್ ದೀಪ, ಬೆಂಕಿ ಏನೂ ಇರಬಾರದು. ಬಲ್ಬನ್ನು ಕೂಡ ವೈರಿನಲ್ಲಿ ನೇತು ಹಾಕುವಂತಿಲ್ಲ, ಗೋಡೆಗೋ ಚಾವಣಿಗೋ ಬಿಗಿಯಬೇಕು. ಪ್ರತಿ ಸಾಲಿಗೆ ಒಂದು ಮೇನ್ ಸ್ವಿಚ್ ಬೇಕು. ಪೊಲೀಸರು, ಅಗ್ನಿಶಾಮಕದವರು ಇಬ್ಬರೂ ಒಪ್ಪಿದ ಮೇಲೆಯೇ ನಾವು ಬಾಕ್ಸ್ ತರುತ್ತಿದ್ದದ್ದು.

50 ಮೀಟರ್ ಎಲ್ಲಿ, ತಲೆ ಮೇಲೆ ಹಾಸಿಗೆ ಹಾಕಿಕೊಂಡು ಮಲಗುವುದು ಎಲ್ಲಿ.

ಇನ್ನು ಚೀಟಿ ವಿಷಯ. ಅಂಗಡಿ ಬೇರೆ ಕಡೆ ಹೋದರೂ ಮಾಲು ಕೊಡಲೇಬೇಕು. ಚೀಟಿ ಕಾರ್ಡ್ ಜೋಪಾನ, ಭಾನುವಾರ ತನ್ನಿ, ಫೋಟೋ ತೆಗೆದು ಒಂದು ಪಟ್ಟಿ ಮಾಡೋಣ.

4ನೇ ಕ್ರಾಸ್, 2ನೇ ಮನೆ:
ನಾನು ಇಲ್ಲಿ ಹೆಚ್ಚು ಬರೆಯುವವಳಲ್ಲ. ಹೋದ ವರ್ಷ ಬಲಿಪಾಡ್ಯಮಿ ಸಂಜೆ ನನ್ನ ಮಗ ಏನೂ ಹಚ್ಚಿರಲಿಲ್ಲ. ಗೇಟಿನ ಹತ್ತಿರ ನಿಂತು ನೋಡುತ್ತಿದ್ದ. ರಸ್ತೆಯ ಆ ತುದಿಯಲ್ಲಿ ಯಾರೋ ಬಾಟಲಿಯಲ್ಲಿ ರಾಕೆಟ್ ಇಟ್ಟಿದ್ದರು. ಬಾಟಲಿ ವಾಲಿತು. ನೇರ ಬಂದು ಹುಬ್ಬಿಗೆ ಬಡಿಯಿತು. ಒಂದು ಬೆರಳಷ್ಟು ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಆ ರಾತ್ರಿ ನಮ್ಮ ಹಾಗೇ ಕೂತಿದ್ದವರನ್ನು ನೋಡಿದೆ. ಸುಮಾರು ಮಕ್ಕಳು ಅವನ ಹಾಗೇ ಬರೀ ನೋಡುತ್ತಾ ನಿಂತಿದ್ದವರು. ಹಚ್ಚಿದವರು ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ.

ಮೂಲೆ ಮನೆ ಅಂಕಲ್, ನಿಮ್ಮ ಮೊಮ್ಮಕ್ಕಳೂ ಅದೇ ಗೇಟಿನ ಮುಂದೆ ಆಡುತ್ತಾರೆ. ಅದಕ್ಕೇ ಇಷ್ಟು ಬರೆದೆ.

ಪಾರ್ಕ್ ರಸ್ತೆ, ನೀಲಿ ಗೇಟ್:
ನನ್ನ ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಅಲ್ಲಿ ಹೊಸ ವರ್ಷದ ರಾತ್ರಿ ನಮ್ಮ ದೀಪಾವಳಿಗಿಂತ ಜೋರು, ಬೀದಿಬೀದಿಯಲ್ಲಿ ಹೊಡೆಯುತ್ತಾರೆ. 2000ನೇ ಇಸವಿಯಲ್ಲಿ ಎನ್‌ಸ್ಕೆಡೇ ಎಂಬ ಊರಿನಲ್ಲಿ ಮನೆಗಳ ಮಧ್ಯೆಯೇ ಇದ್ದ ಪಟಾಕಿ ಗೋದಾಮು ಸಿಡಿದು 23 ಜನ ಸತ್ತರು, ಒಂದು ಬಡಾವಣೆಯೇ ನೆಲಸಮ ಆಯಿತು. ಆಮೇಲೂ ಮಾರಾಟ ನಿಲ್ಲಲಿಲ್ಲ. ವರ್ಷ ವರ್ಷ ವಾದ ನಡೆದು, ಕೊನೆಗೆ 2025ರಲ್ಲಿ ಅಲ್ಲಿನ ಸಂಸತ್ತು ಜನಸಾಮಾನ್ಯರಿಗೆ ಪಟಾಕಿ ಮಾರಬಾರದು ಅಂತ ತೀರ್ಮಾನ ಮಾಡಿತು. ಸುರುಸುರು ಬತ್ತಿಯಂಥ ಸಣ್ಣವನ್ನು ಬಿಟ್ಟಿದ್ದಾರೆ.

3ನೇ ಕ್ರಾಸ್, ಪಿಜಿಯಲ್ಲಿರುವವಳು:
ನಮಸ್ತೆ. ಈ ಗುಂಪಿಗೆ ನನ್ನನ್ನು ಈಗಷ್ಟೇ ಸೇರಿಸಿದರು. ನಮ್ಮೂರು ಶಿವಕಾಶಿ ಹತ್ತಿರ, ಅಲ್ಲಿ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಇದೇ ಕೆಲಸ ಮಾಡುತ್ತಾರೆ. ನಮ್ಮ ಅಮ್ಮ ಪಟಾಕಿ ಕಾರ್ಖಾನೆಗೆ ಹೋಗಿಯೇ ನನ್ನನ್ನು ಓದಿಸಿದ್ದು. ಮಾರಾಟ ಪೂರ್ತಿ ನಿಲ್ಲಿಸಿ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಕಾರ್ಖಾನೆಯಲ್ಲಿ ಒಂದು ಕೋಣೆಯಲ್ಲಿ ಇಷ್ಟೇ ಮದ್ದು, ಇಷ್ಟೇ ಜನ ಇರಬೇಕು ಅಂತ ನಿಯಮ ಇದೆ, ಅದು ಮೀರಿದ ದಿನವೇ ಸಾವು ಅಂತ ಅಮ್ಮ ಹೇಳುತ್ತಲೇ ಇರುತ್ತಾರೆ. ನಾನು ಮಲಗುವ ಕೋಣೆಯ ಕೆಳಗೆ ಎಷ್ಟು ಬಾಕ್ಸ್ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಇನ್ನೂ ತಿಳಿಸಿಲ್ಲ.

2ನೇ ಕ್ರಾಸ್, ಮೂಲೆ ಮನೆ:
ಮಗು, ಇವತ್ತು ರಾತ್ರಿ ಅಲ್ಲಿ ಮಲಗಬೇಡ. ನೀನು, ನಿನ್ನ ಗೆಳತಿಯರು ನಾಲ್ಕೈದು ಜನ ನಮ್ಮ ಮನೆಗೆ ಬನ್ನಿ, ಮೇಲೆ ಎರಡು ಕೋಣೆ ಖಾಲಿ ಇವೆ. ಉಳಿದವರಿಗೆ ಬೇರೆಯವರು ಜಾಗ ಹೇಳಿ. ಮಳಿಗೆಯವನು ನನಗೆ ಪರಿಚಯ. ಭಾನುವಾರದವರೆಗೆ ಕಾಯುವುದು ಬೇಡ, ಈಗಲೇ ಹೋಗಿ ಮಾತಾಡುತ್ತೇನೆ. ಸ್ಟೇಷನರಿ ಅಂಗಡಿಯವರೂ ಜೊತೆಗೆ ಬನ್ನಿ.

ಪಾರ್ಕ್ ರಸ್ತೆ, ನೀಲಿ ಗೇಟ್:
ನಮ್ಮ ಮನೆಗೆ ಆರು ಜನ ಬರಬಹುದು. ಊಟ ಇಲ್ಲೇ.

5ನೇ ಕ್ರಾಸ್, ಮಹಡಿ ಮನೆ:
ನಮ್ಮಲ್ಲಿ ನಾಲ್ಕು. ಚೀಟಿ ದುಡ್ಡಿನ ಮಾತು ಮೊದಲು ಎತ್ತಿದ್ದಕ್ಕೆ ಬೇಜಾರಾಯಿತು.

1ನೇ ಕ್ರಾಸ್, ಸ್ಟೇಷನರಿ ಅಂಗಡಿ:
ಹೋಗಿ ಬಂದೆವು. ಲೈಸೆನ್ಸ್ ಇಲ್ಲ, ಅವನೇ ಒಪ್ಪಿಕೊಂಡ. ಒಂದು ಗಂಟೆ ಮಾತಾಯಿತು. ಮೊದಲು ರೇಗಿದ, ಸಾಲ ಮಾಡಿ ಮಾಲು ತಂದಿದ್ದೇನೆ ಎಂದ. ಮೇಲಿನ ಹುಡುಗಿಯರ ವಿಷಯ ಅಂಕಲ್ ಎತ್ತಿದ ಮೇಲೆ ಸುಮ್ಮನಾದ. ಮೈದಾನದಲ್ಲಿ ಲೈಸೆನ್ಸ್ ಇರುವ ನನ್ನ ಪರಿಚಯದವರೊಬ್ಬರು ಮಾಲು ತೆಗೆದುಕೊಳ್ಳಲು ಒಪ್ಪಿದ್ದಾರೆ. ಆದರೆ ಹೊಗೆ ಕಡಿಮೆ ಇರುವ ಹಸಿರು ಪಟಾಕಿ ಮಾತ್ರ, ಅಂದರೆ ನೀರಿ (ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆ, NEERI) ಗುರುತು, ಕ್ಯೂಆರ್ ಕೋಡ್ ಇರುವ ಬಾಕ್ಸ್‌ಗಳು. 2018ರ ಸುಪ್ರೀಂ ಕೋರ್ಟ್ ಆದೇಶದಲ್ಲಿ ಸರಪಟಾಕಿಯೂ ಬೇಡ ಎಂದಿದ್ದಾರೆ, ಇವನ ಹತ್ತಿರ ಅದು ಎಂಟು ಬಾಕ್ಸ್ ಇದೆ. ಅದನ್ನೂ ಉಳಿದದ್ದನ್ನೂ ಠಾಣೆಗೆ ತಿಳಿಸಿಯೇ ಸಾಗಿಸಬೇಕು ಅಂತ ಹೇಳಿದ್ದೇವೆ. ಚೀಟಿ ಮಾಲು ಮೈದಾನದ ಸ್ಟಾಲಿನಲ್ಲಿ ಸಿಗುತ್ತದೆ, ಬೇಡ ಅಂದವರಿಗೆ ದುಡ್ಡು.

3ನೇ ಕ್ರಾಸ್, ಪಿಜಿ ಎದುರು ಮನೆ:
ಇಬ್ಬರಿಗೂ ತುಂಬಾ ಧನ್ಯವಾದ. ಠಾಣೆಗೆ ನಾನೂ ನಮ್ಮ ಯಜಮಾನರೂ ಈಗ ಹೋಗುತ್ತಿದ್ದೇವೆ, ಅಗ್ನಿಶಾಮಕ ಠಾಣೆಗೂ ಬರೆದುಕೊಡುತ್ತೇವೆ. ಭಾನುವಾರದ ಸಭೆ ಇದ್ದೇ ಇದೆ. ರಾಕೆಟ್, ಬಾಂಬ್ ನಮ್ಮ ರಸ್ತೆಗಳಲ್ಲಿ ಬೇಕೋ ಬೇಡವೋ, ಪಾರ್ಕ್ ಪಕ್ಕದ ಖಾಲಿ ಸೈಟಿನಲ್ಲಿ ಎಲ್ಲರೂ ಸೇರಿ ಎಂಟರಿಂದ ಹತ್ತರವರೆಗೆ ಮಾತ್ರ ಹಚ್ಚಬಹುದೋ, ಅಲ್ಲಿ ಮಾತಾಡೋಣ. ನಾಲ್ಕನೇ ಕ್ರಾಸಿನ ಮೇಡಂ, ಮಗನನ್ನೂ ಕರೆದುಕೊಂಡು ಬನ್ನಿ.

1ನೇ ಕ್ರಾಸ್, ಸ್ಟೇಷನರಿ ಅಂಗಡಿ:
ಪೊಲೀಸರು ಒಪ್ಪಿದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಟೆಂಪೊ ಬರುತ್ತದೆ. ಹಗಲಲ್ಲೇ ತುಂಬುತ್ತೇವೆ, ರಾತ್ರಿ ಬೇಡ. ಆ ಹೊತ್ತಿಗೆ ಮೂರನೇ ಕ್ರಾಸಿನಲ್ಲಿ ಕಾರು, ಬೈಕು ನಿಲ್ಲಿಸಬೇಡಿ. ಚಾಟ್ಸ್ ಗಾಡಿಯವರಿಗೆ ಮಧ್ಯಾಹ್ನದವರೆಗೆ ಸ್ಟವ್ ಹಚ್ಚಬೇಡಿ ಎಂದು ಹೇಳಿದ್ದೇನೆ. ಎರಡು ಬಕೆಟ್ ಮರಳು ನನ್ನ ಹತ್ತಿರ ಇದೆ, ಇನ್ನು ನಾಲ್ಕು ಬೇಕು. ಯಾರ ಮನೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ?