ಪದಚರ್ಚೆ: ಜಾಲಪುಟದ ‘ಹೆಡಿಂಗ್’ – ಶೀರ್ಷಿಕೆಯೋ, ಶಿರೋನಾಮೆಯೋ, ತಲೆಬರಹವೋ?

ಮಾನ್ಯರೇ,

ಜಾಲಪುಟಗಳನ್ನು ಎಲ್ಲರಿಗೂ ಎಟಕುವಂತೆ ರೂಪಿಸುವ ಬಗೆಗಿನ ಕೈಪಿಡಿಯೊಂದನ್ನು ಶಿಕ್ಷಕರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಮೂಲದಲ್ಲಿರುವ ಟೈಟಲ್ (ಇಡೀ ಪುಟದ ಹೆಸರು), ಹೆಡಿಂಗ್ (ಪುಟದೊಳಗಿನ ಭಾಗಗಳ ಹೆಸರು), ಕ್ಯಾಪ್ಷನ್ (ಚಿತ್ರ ಅಥವಾ ಕೋಷ್ಟಕದ ಜೊತೆಗಿನ ಬರಹ) ಮೂರಕ್ಕೂ ನಾನು ‘ಶೀರ್ಷಿಕೆ’ ಎಂದೇ ಬರೆದಿದ್ದೆ. ‘ಪುಟಕ್ಕೆ ಒಂದೇ ಶೀರ್ಷಿಕೆ ಇರಲಿ’ ಎಂದು ಒಂದೆಡೆ, ‘ಬೇಕಾದಷ್ಟು ಶೀರ್ಷಿಕೆಗಳನ್ನು ಕೊಡಿ’ ಎಂದು ಮರುಪುಟದಲ್ಲಿ ಇರುವುದನ್ನು ಕಂಡು ಕರಡು ತಿದ್ದುವವರು ಹಿಂದಿರುಗಿಸಿದ್ದಾರೆ. ಮುಖ್ಯ ಭಾಗದಿಂದ ಒಳಭಾಗಗಳವರೆಗೆ ಹೆಡಿಂಗಿಗೆ ಇರುವ ಆರು ಲೆವೆಲ್‌ಗಳಿಗೆ ಹಂತ, ಮಟ್ಟ, ಸ್ತರ ಇವುಗಳಲ್ಲಿ ಯಾವುದು ಒಪ್ಪುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1

‘ಶಿರೋನಾಮೆ’ ಎಂಬ ಶುದ್ಧ ಸಂಸ್ಕೃತ ಪದ ಇರುವಾಗ ಹುಡುಕಾಟವೇ ಅನಗತ್ಯ. ‘ತಲೆಬರಹ’ ಎಂದರೆ ಹಣೆಬರಹ. ಅದನ್ನು ಯಾರೂ ಸೂಚಿಸದಿರಲಿ. ಲೆವೆಲ್‌ಗಳಿಗೆ ‘ಉಪಶಿರೋನಾಮೆ’ ಸಾಕು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪಲಾರೆ. ‘ಶಿರೋನಾಮೆ’ ಶುದ್ಧ ಸಂಸ್ಕೃತವಾಗಿದ್ದರೆ ಕೊನೆಯಲ್ಲಿ ‘ನಾಮ’ ಇರಬೇಕಿತ್ತು, ‘ನಾಮೆ’ ಅಲ್ಲ. ರಾಜೀನಾಮೆ, ಕರಾರುನಾಮೆ, ಪಂಚನಾಮೆಗಳಲ್ಲಿ ಇರುವ ‘ನಾಮೆ’ ಬರಹ ಅಥವಾ ಪತ್ರ ಎಂಬ ಅರ್ಥದ ಪಾರಸಿ ಪದ. ಕಾಗದದ ನೆತ್ತಿಯ ಮೇಲಿನ ಬರಹಕ್ಕೆ ಪಾರಸಿಯಲ್ಲಿ ‘ಸರ್‌ನಾಮಾ’ ಎಂಬ ಪದವಿದೆ. ‘ಸರ್’ ಎಂದರೆ ತಲೆ. ಅದೇ ಪದ ದಫ್ತರಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದು, ‘ಸರ್’ ಹೋಗಿ ‘ಶಿರಸ್ಸು’ ಕೂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರವಲು ಎಂಬ ಕಾರಣಕ್ಕೆ ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಶುದ್ಧಿಯ ಹೆಸರಿನಲ್ಲಿ ಅದನ್ನು ಹೇರಬಾರದು ಎಂದಷ್ಟೇ ಹೇಳುತ್ತೇನೆ. ಶೀರ್ಷ, ಶಿರಸ್ಸು, ಸರ್, ತಲೆ ಎಲ್ಲವೂ ಒಂದೇ ಅಂಗವನ್ನು ಹೇಳುವುದರಿಂದ ವ್ಯುತ್ಪತ್ತಿಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಹೆಡಿಂಗಿಗೆ ನಾವು ಆರಿಸುವ ಪದವನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿ ಬಳಸುತ್ತದೆ ಎಂಬುದರಿಂದ ಬಗೆಹರಿಯುತ್ತದೆ. ಕಣ್ಣು ಕಾಣದವರು ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ, ಎನ್‌ವಿಡಿಎಯಂತಹ ಪರದೆ ಓದುಗ ತಂತ್ರಾಂಶದಲ್ಲಿ ‘ಎಚ್’ ಕೀಲಿಯನ್ನು ಒತ್ತುತ್ತ ಒಂದು ಹೆಡಿಂಗಿನಿಂದ ಮತ್ತೊಂದಕ್ಕೆ ನೆಗೆಯುತ್ತಾರೆ; 1ರಿಂದ 6ರವರೆಗಿನ ಅಂಕಿ ಒತ್ತಿದರೆ ಆಯಾ ಲೆವೆಲಿನ ಹೆಡಿಂಗಿಗೇ ಹೋಗುತ್ತಾರೆ. ಪ್ರತಿ ನೆಗೆತಕ್ಕೂ ಯಂತ್ರ ಆ ಪದವನ್ನೂ ಅಂಕಿಯನ್ನೂ ಉಚ್ಚರಿಸುತ್ತದೆ. ಬರಿಯ ದಪ್ಪಕ್ಷರದಲ್ಲಿ ಬರೆದ ಸಾಲು ಅವರಿಗೆ ಹೆಡಿಂಗಾಗಿ ಸಿಕ್ಕುವುದೇ ಇಲ್ಲ. ‘ಉಪಶಿರೋನಾಮೆ’ ಎಂದರೆ ಎರಡನೆಯದೋ ಐದನೆಯದೋ ತಿಳಿಯುವುದು ಹೇಗೆ? ಉಪದ ಮೇಲೆ ಉಪವನ್ನು ಐದು ಬಾರಿ ಹೇರಲಾಗದು.

ನಮ್ಮ ಹಳೆಯ ಕಾವ್ಯಗಳೂ ಕಿವಿಗಾಗಿಯೇ ಕಟ್ಟಿದವು. ಕುಮಾರವ್ಯಾಸ ಭಾರತದಲ್ಲಿ ಪರ್ವ, ಅದರೊಳಗೆ ಸಂಧಿ, ಸಂಧಿಯ ಆರಂಭಕ್ಕೆ ‘ಸೂಚನೆ’ಯ ಪದ್ಯ. ಗಮಕಿ ವಾಚಿಸುವಾಗ ಕೇಳುವವನು ತಾನು ಎಲ್ಲಿದ್ದೇನೆಂದು ಆ ಹೆಸರುಗಳಿಂದ ಅರಿಯುತ್ತಾನೆಯೇ ಹೊರತು ಅಕ್ಷರದ ಗಾತ್ರದಿಂದಲ್ಲ. ಜಾಲಪುಟದಲ್ಲಿ ಆರಕ್ಕೆ ಆರು ಹೆಸರು ಬೇಡ. ಒಂದು ಹೆಸರು, ಒಂದು ಅಂಕಿ ಸಾಕು.

ಆದ್ದರಿಂದ ಟೈಟಲ್‌ಗೆ ‘ಶೀರ್ಷಿಕೆ’ ಇರಲಿ. ಅದು ಪುಟಕ್ಕೊಂದೇ, ಬ್ರೌಸರಿನ ಟ್ಯಾಬಿನಲ್ಲಿ ಕಾಣುವ ಹೆಸರು. ಹೆಡಿಂಗಿಗೆ ‘ತಲೆಬರಹ’ ಎನ್ನಿ. ಜಾಲಪುಟಗಳು ಎಲ್ಲರಿಗೂ ಎಟಕುವಂತಿರಲು 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಪುಟದ ಟೈಟಲಿಗೆ 2.4.2, ಹೆಡಿಂಗಿಗೆ 2.4.6 ಎಂದು ಬೇರೆಬೇರೆ ನಿಯಮಗಳಿರುವುದರಿಂದ ಕನ್ನಡದಲ್ಲಿ ಎರಡನ್ನೂ ಒಂದೇ ಪದದಲ್ಲಿ ಕಲಸುವುದು ತಪ್ಪು. ಹಣೆಬರಹದ ಆಕ್ಷೇಪ ನಿಲ್ಲುವುದಿಲ್ಲ. ಪತ್ರಿಕೆಯ ತಲೆಬರಹವನ್ನು ಓದಿ ವಿಧಿಯನ್ನು ನೆನೆಯುವ ಕನ್ನಡಿಗರಿಲ್ಲ. ತಲೆಬಾಗಿಲಿನಂತೆ ಇದೂ ಒಳಗೆ ಹೋಗುವ ದಾರಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಜಾಲಪುಟಗಳನ್ನು ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನ ‘ಹೆಡ್’ ಭಾಗವನ್ನು ‘ತಲೆ’ ಎಂದು ಅನುವಾದಿಸಬೇಡಿ. ಶೀರ್ಷಿಕೆ ಇರುವುದು ಅದರೊಳಗೆ, ತಲೆಬರಹಗಳಿರುವುದು ಓದುಗರಿಗೆ ಕಾಣುವ ‘ಬಾಡಿ’ ಭಾಗದೊಳಗೆ; ‘ಹೆಡ್’, ‘ಬಾಡಿ’ ಎರಡನ್ನೂ ಸಂಕೇತಗಳೆಂದು ಹಾಗೆಯೇ ಬಿಡಿ. ಕ್ಯಾಪ್ಷನ್ ಚಿತ್ರದ್ದಾದರೆ ‘ಅಡಿಬರಹ’ ಸರಿ. ಕೋಷ್ಟಕದ್ದು ಸಾಮಾನ್ಯವಾಗಿ ಮೇಲೆಯೇ ಮೂಡುವುದರಿಂದ ‘ಕೋಷ್ಟಕದ ಹೆಸರು’ ಎನ್ನಬೇಕು.

ಲೆವೆಲ್‌ಗೆ ‘ಮಟ್ಟ’ವೇ ಒಪ್ಪುತ್ತದೆ. ‘ಹಂತ’ ಎಂದರೆ ಒಂದನ್ನು ಮುಗಿಸಿ ಮತ್ತೊಂದಕ್ಕೆ ಹೋಗುವ ಭಾವ ಬರುತ್ತದೆ. ಇಲ್ಲಿ ಹಾಗಿಲ್ಲ; ನಾಲ್ಕನೆಯ ಮಟ್ಟದಿಂದ ನೇರವಾಗಿ ಎರಡನೆಯದಕ್ಕೆ ಮರಳಬಹುದು, ಇಳಿಯುವಾಗ ಮಾತ್ರ ನಡುವಿನದನ್ನು ಬಿಡಬಾರದು. ‘ಸ್ತರ’ ಶಿಕ್ಷಕರ ನಾಲಿಗೆಗೆ ದೂರ.

ಉತ್ತರ 1ರವರಿಂದ ಮತ್ತೆ

ಪಾರಸಿಯ ವಾದವನ್ನು ಒಪ್ಪಿದರೆ ನಾಳೆ ‘ಹೆಡಿಂಗ್’ ಕೂಡ ಕನ್ನಡವೇ ಎನ್ನುವಿರಿ. ಎರವಲಿಗೆ ಎಲ್ಲೋ ಒಂದು ಗಡಿ ಇರಲೇಬೇಕು.

ಕೇಳಿದವರಿಂದ

ಇಬ್ಬರಿಗೂ ನಮಸ್ಕಾರಗಳು. ಎರವಲಿನ ಗಡಿಯನ್ನು ತೀರ್ಮಾನಿಸುವಷ್ಟು ಸಮಯ ನನಗಿಲ್ಲ. ಸಾಲುಗಳನ್ನು ಯಂತ್ರದಿಂದ ಓದಿಸಿ ಕೇಳಿದೆ, ಕಿವಿಗೆ ತೊಡಕಿಲ್ಲ. ಅಚ್ಚಿಗೆ ಹೀಗೆ ಕಳುಹಿಸುತ್ತಿದ್ದೇನೆ: ‘ಪುಟಕ್ಕೆ ಒಂದೇ ಶೀರ್ಷಿಕೆ ಇರಲಿ. ಪ್ರತಿ ಭಾಗಕ್ಕೂ ತಲೆಬರಹ ಕೊಡಿ. ಎರಡನೆಯ ಮಟ್ಟದ ತಲೆಬರಹದ ಕೆಳಗೆ ಮೂರನೆಯ ಮಟ್ಟವನ್ನು ಬಿಟ್ಟು ನಾಲ್ಕನೆಯದಕ್ಕೆ ಇಳಿಯಬೇಡಿ. ಅಕ್ಷರ ದೊಡ್ಡದಾಗಿ ಕಾಣಲಿ ಎಂಬ ಕಾರಣಕ್ಕೆ ಮಟ್ಟವನ್ನು ಆರಿಸಬೇಡಿ.’